ಫೈಲಿನ ಹೆಸರು ಒಂದು, ಒಳಗಿರೋದು ಇನ್ನೊಂದು: ಕಂಪ್ಯೂಟರ್ ಇದನ್ನ ಹೇಗೆ ಪತ್ತೆ ಹಚ್ಚುತ್ತದೆ?

ಮದುವೆ ಸೀಸನ್ ಬಂತು ಅಂದ್ರೆ ವಾಟ್ಸ್ಯಾಪ್ ತುಂಬ ಲಗ್ನಪತ್ರಿಕೆ. ಕಲಬುರಗಿಯಲ್ಲಿ ಚಂದದ ಕಾರ್ಡ್ ಅಚ್ಚು ಹಾಕಿಸಿದವರೂ ದೂರದ ನೆಂಟರಿಗೆ ಫೋನಿಗೇ ಕಳಿಸಿಬಿಡುತ್ತಾರೆ. ನಾವೂ ಯಾರದು ಏನು ಅಂತ ನೋಡದೆ ಒತ್ತಿಬಿಡುತ್ತೇವೆ. ಈ ಅಭ್ಯಾಸದ ಮೇಲೇ ಕಳ್ಳರ ಕಣ್ಣು ಬಿದ್ದಿದೆ. 2024ರ ಕೊನೆಯ ಹೊತ್ತಿಗೆ ಬೇರೆ ಬೇರೆ ರಾಜ್ಯಗಳ ಪೊಲೀಸರು ಎಚ್ಚರಿಕೆ ಕೊಡತೊಡಗಿದರು: ಗುರುತಿಲ್ಲದ ನಂಬರಿನಿಂದ ಬರುವ ಕೆಲವು 'ಮದುವೆ ಕಾರ್ಡ್'ಗಳು ಕಾರ್ಡೇ ಅಲ್ಲ, ಫೋನಿನೊಳಗೆ ಕೂತು ಓಟಿಪಿ ಕದಿಯುವ ಆ್ಯಪ್‌ಗಳು. ಅದೇ ವೇಷ ಆರ್‌ಟಿಓ ಚಲನ್ ಹೆಸರಲ್ಲೂ ಬಂತು, ಪಿಎಂ ಕಿಸಾನ್ ಹೆಸರಲ್ಲೂ ಬಂತು.

ಇದು ಕಳ್ಳರ ಮಾತಾಯ್ತು. ಕಳ್ಳತನ ಇಲ್ಲದಿದ್ದರೂ ಇದೇ ತಾಪತ್ರಯ ದಿನಾ ಇದೆ. ಫಾರ್ಮ್ ತುಂಬುವ ಕೊನೇ ದಿನ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ "ಫೈಲ್ ಓಪನ್ ಆಗವಲ್ದು ನೋಡ್ರಿ ಅಣ್ಣಾ" ಅನ್ನೋ ಮಾತು ಕೇಳಿಯೇ ಕೇಳುತ್ತದೆ. ಪೆನ್‌ಡ್ರೈವ್‌ನಲ್ಲಿ ಫೈಲ್ ಇದೆ, ಹೆಸರೂ ಸರಿಯಾಗಿದೆ, ಆದರೆ ತೆರೆಯೋದಿಲ್ಲ.

ಎರಡರ ಬೇರೂ ಒಂದೇ. ಫೈಲಿನ ಹೆಸರು ಹೇಳೋದು ಒಂದು, ಒಳಗೆ ಇರೋದು ಇನ್ನೊಂದು. ತೆರೆಯದೆಯೇ ಒಳಗೇನಿದೆ ಅಂತ ಹೇಳುವ ಒಂದು ಕಮಾಂಡ್ ಇದೆ, ಹೆಸರು ಸುಮ್ನೆ 'ಫೈಲ್' ಅಂತ. ಬಗೆ ತಿಳಿದ ಮೇಲೆ ಅದಕ್ಕೆ ತಕ್ಕ ವ್ಯೂವರ್ ಹುಡುಕಿ ತೆರೆದು ತೋರಿಸುವ ಇನ್ನೊಂದು ಕಮಾಂಡ್ ಇದೆ, 'ಎಕ್ಸ್‌ಡಿಜಿ-ಓಪನ್'. ಕಮಾಂಡ್ ಅಂದ್ರೆ ಮೌಸ್ ಬಿಟ್ಟು, ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ಎಂಟರ್ ಹೊಡೆಯುವ ಆಜ್ಞೆ, ಅಷ್ಟೇ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಫೈಲ್ ಅಂದ್ರೆ ಬರೀ ಸಂಖ್ಯೆಗಳ ಸಾಲು

ಮೊದಲು ಬುಡದಿಂದ ಬರೋಣ. ಕಂಪ್ಯೂಟರಿಗೆ ಫೋಟೋ, ಪಹಣಿ, ಹಾಡು ಅಂತೆಲ್ಲ ಏನೂ ಗೊತ್ತಿಲ್ಲ. ಅದರ ಪಾಲಿಗೆ ಎಲ್ಲ ಫೈಲೂ ಬೈಟ್‌ಗಳ ಉದ್ದನೆ ಸಾಲು. ಒಂದು ಬೈಟ್ ಅಂದ್ರೆ 0ಯಿಂದ 255ರ ಒಳಗಿನ ಒಂದು ಸಂಖ್ಯೆ. ನಿಮ್ಮ ಫೋನಿನಲ್ಲಿ ತೆಗೆದ ಶರಣಬಸವೇಶ್ವರ ಜಾತ್ರೆಯ ಫೋಟೋ ಇಂಥ ಲಕ್ಷಗಟ್ಟಲೆ ಸಂಖ್ಯೆಗಳ ಸಾಲು. ಜಾತಿ-ಆದಾಯ ಪ್ರಮಾಣಪತ್ರವೂ ಅಂಥದ್ದೇ ಒಂದು ಸಾಲು, ಸ್ವಲ್ಪ ಗಿಡ್ಡ ಇರಬಹುದು.

ಹಾಗಾದರೆ ಹೆಸರು ಎಲ್ಲಿರುತ್ತದೆ? ಇದನ್ನ ಬಹಳ ಜನ ಯೋಚಿಸಿಯೇ ಇರೋದಿಲ್ಲ. ಹೆಸರು ಫೈಲಿನ ಒಳಗೆ ಇರೋದಿಲ್ಲ. ಫೋಲ್ಡರ್ ತನ್ನ ಹತ್ತಿರ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಇಂಥ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಂಥ ಕಡೆ ಇದೆ ಅಂತ. ನೀವು ಹೆಸರು ಬದಲಿಸಿದಾಗ ಬದಲಾಗೋದು ಆ ಪಟ್ಟಿಯ ಒಂದು ಸಾಲು ಮಾತ್ರ. ಒಳಗಿನ ಒಂದೇ ಒಂದು ಬೈಟ್ ಕೂಡ ಅಲುಗಾಡೋದಿಲ್ಲ.

ಇದರಿಂದ ಆಗುವ ಎಡವಟ್ಟು ನೋಡಿ. 371ಜೆ ಸರ್ಟಿಫಿಕೇಟ್ ಪಿಡಿಎಫ್ ಆಗಿ ಕೈಗೆ ಬಂದಿದೆ. ಅರ್ಜಿಯ ವೆಬ್‌ಸೈಟ್ ಮಾತ್ರ ಜೆಪಿಜಿ ಚಿತ್ರವನ್ನೇ ಕೇಳುತ್ತಿದೆ. ಹುಡುಗ ಫೈಲಿನ ಹೆಸರಿನ ಕೊನೆಯಲ್ಲಿದ್ದ ಪಿಡಿಎಫ್ ಅಳಿಸಿ ಜೆಪಿಜಿ ಅಂತ ಬರೆದು ಅಪ್‌ಲೋಡ್ ಮಾಡುತ್ತಾನೆ. ಕೆಲವು ವೆಬ್‌ಸೈಟ್ ಅಲ್ಲೇ ಬೇಡ ಅನ್ನುತ್ತವೆ, ಅದು ಒಳ್ಳೆಯದೇ. ಇನ್ನು ಕೆಲವು ಹೆಸರು ಮಾತ್ರ ನೋಡಿ ಒಳಗೆ ಬಿಟ್ಟುಕೊಳ್ಳುತ್ತವೆ, ಅಲ್ಲಿರೋದೇ ಕಷ್ಟ, ಯಾಕಂದ್ರೆ ಪರಿಶೀಲನೆಗೆ ಕೂತವರ ಪರದೆಯ ಮೇಲೆ ಚಿತ್ರ ಮೂಡೋದೇ ಇಲ್ಲ ಮತ್ತು ಈ ಹುಡುಗನಿಗೆ ಅದು ಗೊತ್ತೂ ಆಗೋದಿಲ್ಲ. ಪಿಡಿಎಫ್ ಅನ್ನು ಜೆಪಿಜಿ ಮಾಡಬೇಕಂದ್ರೆ ಪರಿವರ್ತನೆ ಮಾಡಬೇಕು, ಅಂದ್ರೆ ಒಳಗಿನ ಬೈಟ್‌ಗಳನ್ನೇ ಹೊಸದಾಗಿ ಬರೆಯಬೇಕು.

ಬಾಲ ನಂಬುವವರು, ಒಳಗೆ ನೋಡುವವರು

ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಪಿಡಿಎಫ್, ಜೆಪಿಜಿ, ಎಂಪಿ3 ಇವಕ್ಕೆ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ನಾನು ಬಾಲ ಅಂತ ಕರೀತೀನಿ, ಬರೆಯೋಕೆ ಸುಲಭ. ವಿಂಡೋಸ್ ಈ ಬಾಲವನ್ನೇ ನಂಬುತ್ತದೆ. ಬಾಲ ನೋಡಿ ಐಕಾನ್ ತೋರಿಸುತ್ತದೆ, ಬಾಲ ನೋಡಿಯೇ ಯಾವ ಪ್ರೋಗ್ರಾಂ ತೆರೆಯಬೇಕು ಅಂತ ತೀರ್ಮಾನಿಸುತ್ತದೆ. ಮೇಲಾಗಿ, ಗೊತ್ತಿರುವ ಬಾಲಗಳನ್ನು ನಮ್ಮಿಂದ ಮುಚ್ಚಿಡೋದು ಅದರ ಮೊದಲಿನ ಸೆಟ್ಟಿಂಗ್. ಹಾಗಾಗಿ 'ಬಿಲ್.ಪಿಡಿಎಫ್.ಇಎಕ್ಸ್‌ಇ' ಅನ್ನೋ ಪ್ರೋಗ್ರಾಂ ನಮ್ಮ ಕಣ್ಣಿಗೆ 'ಬಿಲ್.ಪಿಡಿಎಫ್' ಅಂತ ಕಾಣುತ್ತದೆ. ಇದು ಯಾಕೆ ಇನ್ನೂ ಹೀಗೇ ಇದೆಯೋ, ನನಗಂತೂ ಸರಿ ಕಾಣೋದಿಲ್ಲ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿದರೆ ಬಾಲಗಳು ಕಾಣುತ್ತವೆ. ಇದೊಂದನ್ನ ಈಗಲೇ ಮಾಡಿಬಿಡಿ.

ಇನ್ನೊಂದು ದಾರಿ ಒಳಗೆ ನೋಡೋದು. ಕಲಬುರಗಿ ಗಂಜ್‌ಗೆ ಹೋದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ತೊಗರಿ ಚೀಲದ ಮೇಲೆ ಏನೇ ಬರೆದಿರಲಿ, ಖರೀದಿದಾರ ಅದನ್ನ ಓದೋದಿಲ್ಲ. ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಒಂದು ಹಿಡಿ ಕಾಳು ಅಂಗೈಗೆ ಸುರಿದುಕೊಂಡು ನೋಡುತ್ತಾನೆ. ಇಡೀ ಚೀಲ ಸುರಿಯೋದೂ ಇಲ್ಲ. 'ಫೈಲ್' ಕಮಾಂಡ್ ಮಾಡೋದೂ ಅದನ್ನೇ: ಹೆಸರಿನ ಕಡೆ ನೋಡೋದಿಲ್ಲ, ಇಡೀ ಫೈಲ್ ಓದೋದೂ ಇಲ್ಲ, ಶುರುವಿನ ಒಂದಿಷ್ಟು ಬೈಟ್ ತೆಗೆದು ನೋಡಿ ಇದು ಇಂಥದ್ದು ಅನ್ನುತ್ತದೆ.

ಮೊದಲ ಕೆಲವು ಬೈಟ್‌ಗಳಲ್ಲಿ ಏನಿರುತ್ತದೆ?

ಹೆಚ್ಚಿನ ಫೈಲ್ ಬಗೆಗಳು ತಮ್ಮ ಶುರುವಿನಲ್ಲೇ ಒಂದು ಗುರುತು ಹೊತ್ತುಕೊಂಡಿರುತ್ತವೆ. ಇದಕ್ಕೆ ಮ್ಯಾಜಿಕ್ ನಂಬರ್ ಅನ್ನುತ್ತಾರೆ. ಮಾಯ-ಮಂತ್ರ ಏನಿಲ್ಲ, ಆ ಬಗೆಯನ್ನು ರೂಪಿಸಿದವರು ಎಲ್ಲರೂ ಇದನ್ನೇ ಮೊದಲು ಬರೆಯಬೇಕು ಅಂತ ಮಾಡಿಟ್ಟ ಕಟ್ಟಳೆ.

ಪಿಡಿಎಫ್ ಇದರಲ್ಲಿ ಎಲ್ಲಕ್ಕಿಂತ ಸರಳ. ಅದರ ಮೊದಲ ಬೈಟ್‌ಗಳನ್ನು ಅಕ್ಷರವಾಗಿ ಓದಿದರೆ ಒಂದು ಶೇಕಡಾ ಚಿಹ್ನೆ, ಪಿ, ಡಿ, ಎಫ್, ಒಂದು ಅಡ್ಡಗೆರೆ, ಆಮೇಲೆ ಆವೃತ್ತಿ ಸಂಖ್ಯೆ, ಉದಾಹರಣೆಗೆ 1.4 ಅಥವಾ 1.7. ನೋಟ್‌ಪ್ಯಾಡ್‌ನಲ್ಲಿ ಯಾವುದಾದರೂ ಪಿಡಿಎಫ್ ತೆರೆದು ನೋಡಿ, ಕೆಳಗೆಲ್ಲ ಕಲಸುಮೇಲೋಗರ ಕಂಡರೂ ಮೊದಲ ಸಾಲು ಓದಲು ಬರುತ್ತದೆ.

ಜೆಪಿಜಿ ಫೋಟೋ 255, 216, 255 ಅನ್ನೋ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಪಿಎನ್‌ಜಿ ಚಿತ್ರದ್ದು ಎಂಟು ಬೈಟ್‌ಗಳ ಗುರುತು: 137, ಆಮೇಲೆ ಪಿ, ಎನ್, ಜಿ ಅಕ್ಷರಗಳು, ಆಮೇಲೆ 13, 10, 26, 10. ಈ ಎಂಟನ್ನು ಬಹಳ ಯೋಚಿಸಿ ಆರಿಸಿದ್ದಾರೆ. ಮೊದಲನೆಯದು 127ಕ್ಕಿಂತ ಜಾಸ್ತಿ ಇರೋದರಿಂದ ಯಾವ ಪ್ರೋಗ್ರಾಮೂ ಇದನ್ನ ಸಾದಾ ಇಂಗ್ಲಿಷ್ ಪಠ್ಯ ಅಂತ ತಪ್ಪು ತಿಳಿಯೋದಿಲ್ಲ. 13 ಮತ್ತು 10 ಅನ್ನೋವು ಹೊಸ ಸಾಲಿನ ಸಂಕೇತಗಳು. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವಾಗ ಕೆಲವು ಪ್ರೋಗ್ರಾಂಗಳು ಈ ಸಾಲುಮುರಿತಗಳನ್ನು ತಮಗೆ ಬೇಕಾದ ಹಾಗೆ ತಿದ್ದಿಬಿಡುತ್ತಿದ್ದವು. ಹಾಗೆ ತಿದ್ದಿದ್ದರೆ ಗುರುತೇ ಕೆಟ್ಟಿರುತ್ತದೆ, ಫೈಲ್ ದಾರಿಯಲ್ಲಿ ಹಾಳಾಗಿದೆ ಅಂತ ಶುರುವಿನಲ್ಲೇ ತಿಳಿಯುತ್ತದೆ.

ಕೆಲವು ಗುರುತುಗಳಲ್ಲಿ ಮನುಷ್ಯರ ಹೆಸರೂ ಅಡಗಿದೆ. ಝಿಪ್ ಫೈಲ್ ಪಿ, ಕೆ ಅನ್ನೋ ಅಕ್ಷರಗಳಿಂದ ಶುರುವಾಗುತ್ತದೆ, ಅದು 1989ರಲ್ಲಿ ಆ ಬಗೆಯನ್ನು ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವಿಂಡೋಸ್‌ನ ಇಎಕ್ಸ್‌ಇ ಪ್ರೋಗ್ರಾಂಗಳು ಎಂ, ಝಡ್ ಅಂತ ಶುರುವಾಗುತ್ತವೆ, ಅದು ಮೈಕ್ರೋಸಾಫ್ಟ್‌ನಲ್ಲಿದ್ದ ಮಾರ್ಕ್ ಜ್ಬಿಕೊವ್ಸ್ಕಿ ಅವರದು. ಇವತ್ತಿಗೂ ಹೊಸ ವಿಂಡೋಸ್ ಪ್ರೋಗ್ರಾಂ ಯಾವುದು ತಂದರೂ ಮೊದಲ ಎರಡು ಬೈಟ್ ಅವರ ಹೆಸರೇ.

ಝಿಪ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಮದುವೆ ಕಾರ್ಡಿನ ಕಥೆ ಇಲ್ಲೇ ಸೇರುತ್ತದೆ. ವರ್ಡ್‌ನ ಡಾಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್, ಇ-ಪುಸ್ತಕದ ಇಪಬ್, ಆಂಡ್ರಾಯ್ಡ್ ಆ್ಯಪಿನ ಎಪಿಕೆ (ಆ ಸುಳ್ಳು ಮದುವೆ ಕಾರ್ಡುಗಳು ಈ ಬಗೆಯವೇ), ಇವೆಲ್ಲ ಒಳಗೊಳಗೆ ಝಿಪ್ ಫೈಲ್‌ಗಳೇ. ಎಲ್ಲದರ ಶುರುವಿನಲ್ಲೂ ಅದೇ ಪಿ, ಕೆ. ನಂಬಿಕೆ ಬರದಿದ್ದರೆ ಯಾವುದಾದರೂ ಡಾಕ್ಸ್ ಫೈಲಿನ ನಕಲು ಮಾಡಿ, ಬಾಲ ಝಿಪ್ ಅಂತ ಬದಲಿಸಿ ತೆರೆಯಿರಿ. ಒಳಗೆ 'ವರ್ಡ್' ಅನ್ನೋ ಫೋಲ್ಡರ್, ಅದರೊಳಗೆ ನಿಮ್ಮ ಬರಹ ಇರುವ ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಹಾಗಾಗಿ ಪಿ, ಕೆ ಕಂಡ ಕೂಡಲೇ ಝಿಪ್ ಅಂತ ನಿಲ್ಲಿಸಿದರೆ ಸಾಲದು. ಒಳಗಿರುವ ಫೈಲುಗಳ ಹೆಸರನ್ನೂ ನೋಡಬೇಕು. ಹೊಸ 'ಫೈಲ್' ಆವೃತ್ತಿ ಅಷ್ಟು ಮಾಡಿ 'ಆಂಡ್ರಾಯ್ಡ್ ಪ್ಯಾಕೇಜ್' ಅಥವಾ 'ಮೈಕ್ರೋಸಾಫ್ಟ್ ವರ್ಡ್ 2007+' ಅನ್ನುತ್ತದೆ. ಹಳೇ ಆವೃತ್ತಿಗಳು ಎಪಿಕೆಯನ್ನು ಬರೀ ಝಿಪ್ ಅಥವಾ ಜಾವಾ ಆರ್ಕೈವ್ ಅಂದುಬಿಡುತ್ತವೆ. ಪಿಡಿಎಫ್ ಅಂತೂ ಅನ್ನೋದಿಲ್ಲ, ನಮಗೆ ಬೇಕಾಗಿದ್ದೂ ಅಷ್ಟೇ ಅಲ್ವಾ?

'ಫೈಲ್' ಕಮಾಂಡ್ ಮಾಡುವ ಕೆಲಸ

ಈ ಕಮಾಂಡ್ ಯುನಿಕ್ಸ್ ಕಾಲದ್ದು. ಯುನಿಕ್ಸ್ ಅಂದ್ರೆ ಹಳೇ ಆಪರೇಟಿಂಗ್ ಸಿಸ್ಟಂ, ಅಂದ್ರೆ ವಿಂಡೋಸ್ ಥರ ಇಡೀ ಕಂಪ್ಯೂಟರನ್ನು ನಡೆಸುವ ಪ್ರೋಗ್ರಾಂ. 1973ರ ನಾಲ್ಕನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಮೊದಲು ಬಂತು. ಈಗಿನ ಆಪರೇಟಿಂಗ್ ಸಿಸ್ಟಂಗಳಾದ ಲಿನಕ್ಸ್, ಮ್ಯಾಕ್‌ಗಳಲ್ಲಿ ಇರೋದು ಇಯಾನ್ ಡಾರ್ವಿನ್ 1986-87ರ ಹೊತ್ತಿಗೆ ಹೊಸದಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಆವೃತ್ತಿಯ ಮುಂದುವರಿಕೆ. 1990ರ ದಶಕದಿಂದ ಕ್ರಿಸ್ಟೋಸ್ ಝೂಲಾಸ್ ಅದನ್ನ ನೋಡಿಕೊಳ್ಳುತ್ತಿದ್ದಾರೆ.

ಅದು ಹಂತ ಹಂತವಾಗಿ ನೋಡುತ್ತದೆ. ಮೊದಲು ಆಪರೇಟಿಂಗ್ ಸಿಸ್ಟಂ ಅನ್ನೇ ಕೇಳುತ್ತದೆ: ಇದು ಫೋಲ್ಡರ್ರೋ, ಬೇರೆ ಫೈಲಿಗೆ ಕೈ ತೋರಿಸುವ ಕೊಂಡಿಯೋ, ಒಳಗೆ ಏನೂ ಇಲ್ಲದ ಖಾಲಿ ಫೈಲೋ? ಕಾಪಿ ಮುಗಿಯೋ ಮೊದಲೇ ಪೆನ್‌ಡ್ರೈವ್ ಕಿತ್ತುಬಿಟ್ಟರೆ ಹೆಸರು ಮಾತ್ರ ಉಳಿದು ಒಳಗೆ ಸೊನ್ನೆ ಬೈಟ್ ಇರೋದು ಉಂಟು, ಅಂಥದಕ್ಕೆ 'ಎಂಪ್ಟಿ' ಅಂತ ಒಂದೇ ಮಾತು ಹೇಳಿ ಮುಗಿಸುತ್ತದೆ. ಆಮೇಲೆ ಗುರುತುಗಳ ದೊಡ್ಡ ಪಟ್ಟಿ ತೆಗೆದು ಒಂದೊಂದನ್ನೇ ಹೋಲಿಸುತ್ತದೆ. ಇಂಥ ಜಾಗದಲ್ಲಿ ಇಂಥ ಬೈಟ್ ಇದ್ದರೆ ಇಂಥ ಬಗೆ, ಹಾಗಿದ್ದರೆ ಇನ್ನಷ್ಟು ಮುಂದೆ ಹೋಗಿ ಇದನ್ನ ನೋಡು, ಅಂತ ಆ ಪಟ್ಟಿಯಲ್ಲಿ ನಿಯಮಗಳಿವೆ. ಯಾವುದೂ ಹೊಂದದಿದ್ದರೆ ಇದು ಓದಲು ಬರುವ ಪಠ್ಯವೇ ಅಂತ ಪರೀಕ್ಷೆ. ಅದೂ ಅಲ್ಲ ಅಂದ್ರೆ ಕೈಚೆಲ್ಲಿ 'ಡೇಟಾ' ಅನ್ನುತ್ತದೆ.

ಬಳಸೋದು ಸುಲಭ: 'ಫೈಲ್' ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಸರಿಯಾದ ಪಿಡಿಎಫ್ ಆಗಿದ್ದರೆ 'ಪಿಡಿಎಫ್ ಡಾಕ್ಯುಮೆಂಟ್, ವರ್ಶನ್ 1.4' ಅಂತ ಉತ್ತರ. ಜೆಪಿಜಿ ಆದರೆ ಎಷ್ಟು ಅಗಲ, ಎಷ್ಟು ಎತ್ತರ ಅಂತಲೂ ಹೇಳುತ್ತದೆ.

ಇದರ ಉಪಯೋಗ ನಿಜವಾಗಿ ಗೊತ್ತಾಗೋದು ಈ ಥರದ ಪ್ರಸಂಗದಲ್ಲಿ. ಯಾವುದೋ ಪೋರ್ಟಲ್‌ನಿಂದ 'ಪಹಣಿ.ಪಿಡಿಎಫ್' ಇಳಿಸಿಕೊಂಡಿದ್ದೀರಿ. ತೆರೆದರೆ 'ಫೈಲ್ ಹಾಳಾಗಿದೆ' ಅಂತ ಬರುತ್ತದೆ. ಇನ್ನೊಮ್ಮೆ ಇಳಿಸಿದರೂ ಅದೇ ಕಥೆ. ಪಿಡಿಎಫ್ ರೀಡರ್ ಬದಲಿಸಿ ನೋಡಿದ್ದಾಯ್ತು, ಅದಕ್ಕೂ ಬಗ್ಗಲಿಲ್ಲ. ಆಗ 'ಫೈಲ್' ಹೊಡೆದರೆ ಉತ್ತರ ಬರುತ್ತದೆ: 'ಎಚ್‌ಟಿಎಂಎಲ್ ಡಾಕ್ಯುಮೆಂಟ್'. ಅಂದ್ರೆ ಒಳಗಿರೋದು ಪಹಣಿಯಲ್ಲ, ವೆಬ್ ಪುಟ. ಲಾಗಿನ್ ಸಮಯ ಮುಗಿದುಹೋಗಿತ್ತು, ಸರ್ವರ್ ಪಹಣಿಯ ಬದಲು 'ಮತ್ತೆ ಲಾಗಿನ್ ಆಗಿ' ಅನ್ನೋ ಪುಟ ಕಳಿಸಿತು, ಬ್ರೌಸರ್ ಅದನ್ನೇ ಪಹಣಿ ಅಂತ ಹೆಸರಿಟ್ಟು ಉಳಿಸಿತು. ರೀಡರಿನದು ತಪ್ಪಲ್ಲ, ನೆಟ್ಟಿನದೂ ತಪ್ಪಲ್ಲ. ಮತ್ತೆ ಲಾಗಿನ್ ಆಗಿ ಇಳಿಸಿಕೊಂಡರೆ ಮುಗೀತು. ಕೆಲವು ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದಾಗ ಎಕ್ಸೆಲ್ 'ಬಾಲಕ್ಕೂ ಒಳಗಿನದಕ್ಕೂ ಹೊಂದಿಕೆ ಇಲ್ಲ' ಅಂತ ಎಚ್ಚರಿಸೋದೂ ಹೀಗೇ, ಎಷ್ಟೋ ಸಲ ಅದು ಎಕ್ಸೆಲ್ ಹೆಸರು ಹೊತ್ತ ವೆಬ್ ಪುಟ ಆಗಿರುತ್ತದೆ.

ಕನ್ನಡ ಪಠ್ಯ ಬಂದಾಗ

ಸಾದಾ ಪಠ್ಯದ ಫೈಲಿಗೆ ಯಾವ ಗುರುತೂ ಇರೋದಿಲ್ಲ. ಮೊದಲ ಬೈಟಿನಿಂದಲೇ ಬರಹ ಶುರು. ಹಾಗಾದರೆ ಇದು ಪಠ್ಯ ಅಂತ ಹೇಗೆ ಗೊತ್ತು? ಬೈಟ್‌ಗಳ ನಡವಳಿಕೆ ನೋಡಿ.

ಇವತ್ತಿನ ಕನ್ನಡ, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿದೆ, ಅದನ್ನ ಫೈಲಿನಲ್ಲಿ ಬರೆಯುವ ರೂಢಿಯ ಕ್ರಮ ಯುಟಿಎಫ್-8. ಇದರಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. 'ಕ' ಅಂದ್ರೆ 224, 178, 149. 'ಕಲಬುರಗಿ' ಅಂತ ಬರೆದರೆ ಕ, ಲ, ಬ, ಉಕಾರದ ಕೊಂಬು, ರ, ಗ, ಇಕಾರದ ಗುಡಿಸು, ಒಟ್ಟು ಏಳು ಚಿಹ್ನೆ, 21 ಬೈಟ್. ಈ ಕ್ರಮ ಎಷ್ಟು ಕಟ್ಟುನಿಟ್ಟು ಅಂದ್ರೆ ಬೇರೆ ಯಾವುದೋ ಫೈಲ್ ಅಕಸ್ಮಾತ್ ಹೀಗೆ ಕಾಣೋದು ತೀರಾ ಕಷ್ಟ. ಅದಕ್ಕೇ 'ಯುಟಿಎಫ್-8 ಟೆಕ್ಸ್ಟ್' ಅಂತ ಧೈರ್ಯವಾಗಿ ಹೇಳಬಹುದು.

ತೊಂದರೆ ಇರೋದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲುಗಳಲ್ಲಿ. ಯುನಿಕೋಡ್‌ಗಿಂತ ಮುಂಚಿನ ನುಡಿ ಕ್ರಮದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇದ್ದರೆ ಮಾತ್ರ ಕನ್ನಡ, ಇಲ್ಲದಿದ್ದರೆ ತಲೆ ಮೇಲೆ ಗೀಟು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಸರ್ಕಾರಿ ಕಚೇರಿಗಳ ಹಳೇ ಸುತ್ತೋಲೆ, ಡಿಟಿಪಿ ಅಂಗಡಿಗಳ ಹಳೇ ಕೆಲಸ ಬಹಳಷ್ಟು ಹೀಗೇ ಇದೆ. 'ಫೈಲ್' ಕಮಾಂಡಿಗೆ ಇಂಥದ್ದು ಕೊಟ್ಟರೆ ಯುರೋಪಿನ ಭಾಷೆಗಳಿಗೆ ಮಾಡಿದ 'ಐಎಸ್‌ಓ-8859' ಪಠ್ಯ ಅಂತಲೋ, ಅದಕ್ಕೆ ಹೊಂದದ ಹಿಗ್ಗಿಸಿದ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಹಳೇ ಸಂಕೇತ ಪಟ್ಟಿ) ಅಂತಲೋ ಉತ್ತರ ಬರುತ್ತದೆ. ಅದರ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ, ಬೈಟ್‌ಗಳು ಇರೋದೇ ಹಾಗೆ. ಇಲ್ಲಿಂದ ಮುಂದೆ ಮನುಷ್ಯರ ಕಣ್ಣೇ ಬೇಕು: ಬೀದರಿನ ಕಚೇರಿಯಿಂದ ಬಂದ ಕನ್ನಡ ಸುತ್ತೋಲೆಗೆ ಈ ಉತ್ತರ ಬಂದರೆ ಅದು ಹಳೇ ನುಡಿಯದ್ದೋ ಅಂಥದ್ದೇ ಇನ್ನೊಂದು ತಂತ್ರಾಂಶವಾದ 'ಬರಹ'ದ್ದೋ ಇರಬೇಕು ಅಂತ ಅಂದಾಜು ಮಾಡಿ, ಯುನಿಕೋಡ್‌ಗೆ ಪರಿವರ್ತಿಸುವ ಸಾಧನಕ್ಕೆ ಕೊಡಬೇಕು.

ಬಗೆ ಗೊತ್ತಾಯ್ತು, ಇನ್ನು ತೆರೆಯೋರು ಯಾರು?

ಒಳಗೇನಿದೆ ಅಂತ ತಿಳಿದರೆ ಅರ್ಧ ಕೆಲಸ. ಅದಕ್ಕೆ ತಕ್ಕ ಪ್ರೋಗ್ರಾಂ ಯಾವುದು ಅನ್ನೋದು ಉಳಿದರ್ಧ. ಇದಕ್ಕೆ ಎಲ್ಲ ಪ್ರೋಗ್ರಾಂಗಳೂ ಒಪ್ಪುವ ಹೆಸರುಗಳು ಬೇಕು, ಆ ಹೆಸರುಗಳು ಇಮೇಲ್‌ನಿಂದ ಬಂದವು. ಮೊದಮೊದಲು ಇಮೇಲ್‌ನಲ್ಲಿ ಬರೀ ಇಂಗ್ಲಿಷ್ ಪಠ್ಯ ಕಳಿಸಬಹುದಿತ್ತು. ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಅನ್ನೋ ಪದ್ಧತಿ ರೂಪಿಸಿದರು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೀನ್ ತಮ್ಮ ಹಾಡುಗಾರ ಗೆಳೆಯರ ತಂಡದ ಫೋಟೋ ಮತ್ತು ಹಾಡನ್ನು ಈ ಪದ್ಧತಿಯಲ್ಲಿ ಇಮೇಲ್ ಜೊತೆ ಕಳಿಸಿದರು. ನಾವಿವತ್ತು ಅಟ್ಯಾಚ್ ಮಾಡೋದೆಲ್ಲ ಅದರ ಸಂತಾನ.

ಮೈಮ್‌ನಲ್ಲಿ ಪ್ರತಿ ಬಗೆಗೂ ಎರಡು ಭಾಗದ ಹೆಸರು, ನಡುವೆ ಓರೆಗೆರೆ. ಫೋಟೋ ಅಂದ್ರೆ 'ಇಮೇಜ್/ಜೆಪೆಗ್', ಪಿಡಿಎಫ್ ಅಂದ್ರೆ 'ಅಪ್ಲಿಕೇಶನ್/ಪಿಡಿಎಫ್', ಸಾದಾ ಪಠ್ಯ ಅಂದ್ರೆ 'ಟೆಕ್ಸ್ಟ್/ಪ್ಲೇನ್'. 'ಫೈಲ್' ಕಮಾಂಡಿಗೆ 'ಮೈಮ್-ಟೈಪ್' ಅನ್ನೋ ಆಯ್ಕೆ ಕೊಟ್ಟರೆ ಉದ್ದದ ವಿವರಣೆ ಬಿಟ್ಟು ಈ ಹೆಸರನ್ನಷ್ಟೇ ಹೇಳುತ್ತದೆ.

ಹೆಸರು ಸಿಕ್ಕ ಮೇಲೆ ಒಂದು ಪಟ್ಟಿ ಸಾಕು: ಈ ಬಗೆಗೆ ಈ ಪ್ರೋಗ್ರಾಂ. 1993ರಲ್ಲಿ ಬೋರೆನ್‌ಸ್ಟೀನ್ ಅವರೇ ಅಂಥ ಪಟ್ಟಿಗೆ ಒಂದು ಕ್ರಮ ಬರೆದರು, ಅದಕ್ಕೆ ಮೇಲ್‌ಕ್ಯಾಪ್ ಅನ್ನುತ್ತಾರೆ. ಒಂದು ಸಾಲಿಗೆ ಒಂದು ಬಗೆ, ಒಂದು ಅರ್ಧವಿರಾಮ, ಆಮೇಲೆ ಓಡಿಸಬೇಕಾದ ಕಮಾಂಡ್. ಬೇಕಿದ್ದರೆ ಷರತ್ತೂ ಹಾಕಬಹುದು, ಚಿತ್ರ ತೋರಿಸುವ ಪರದೆ ಇದ್ದರೆ ಮಾತ್ರ ಈ ಸಾಲು, ಇಲ್ಲದಿದ್ದರೆ ಕೆಳಗಿನ ಸಾಲು ಅಂತ. ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಉಬುಂಟು ಇರುವ ಯಂತ್ರಗಳಲ್ಲಿ 'ಸೀ' ಅನ್ನೋ ಪುಟ್ಟ ಕಮಾಂಡ್ ಈ ಪಟ್ಟಿ ನೋಡಿಯೇ ಫೈಲ್ ತೋರಿಸುತ್ತದೆ.

ಈಗಿನ ಲಿನಕ್ಸ್‌ನಲ್ಲಿ ಜಾಸ್ತಿ ಬಳಕೆಯಲ್ಲಿರೋದು 2006ರಲ್ಲಿ ಬಂದ ಎಕ್ಸ್‌ಡಿಜಿ-ಓಪನ್. ಇದು ತಾನೇ ಏನನ್ನೂ ತೆರೆಯೋದಿಲ್ಲ. ನೀವು ಬಳಸುತ್ತಿರುವ ಡೆಸ್ಕ್‌ಟಾಪ್ (ಪರದೆಯ ಮೇಲಿನ ಕಿಟಕಿ, ಮೆನುಗಳ ವ್ಯವಸ್ಥೆ) ಗ್ನೋಮ್ ಅಥವಾ ಕೆಡಿಇ ಯಾವುದು ಅಂತ ನೋಡಿ, ಅದರ ತೆರೆಯುವ ಕಮಾಂಡಿಗೆ ಕೆಲಸ ದಾಟಿಸುತ್ತದೆ. ಪ್ರತಿ ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ನಾನು ಇಂಥಿಂಥ ಮೈಮ್ ಬಗೆ ತೆರೆಯಬಲ್ಲೆ ಅಂತ ಒಂದು ಸಣ್ಣ ಫೈಲ್ ಬರೆದಿಟ್ಟಿರುತ್ತದೆ. ಎರಡು-ಮೂರು ಪ್ರೋಗ್ರಾಂ ಒಂದೇ ಬಗೆಗೆ ಕೈ ಎತ್ತಿದರೆ ಯಾವುದಕ್ಕೆ ಕೊಡಬೇಕು ಅನ್ನೋ ನಿಮ್ಮ ಆಯ್ಕೆ 'ಮೈಮ್‌ಆ್ಯಪ್ಸ್.ಲಿಸ್ಟ್' ಅನ್ನೋ ಇನ್ನೊಂದು ಫೈಲಿನಲ್ಲಿ ಇರುತ್ತದೆ. ಪಿಡಿಎಫ್ ಯಾವಾಗಲೂ ಬ್ರೌಸರ್‌ನಲ್ಲೇ ತೆರೀತದೆ, ಸಾಕಾಯ್ತು ಅನ್ನುವವರು 'ಎಕ್ಸ್‌ಡಿಜಿ-ಮೈಮ್ ಡಿಫಾಲ್ಟ್' ಕಮಾಂಡಿನಿಂದ ಈ ಆಯ್ಕೆ ಬದಲಿಸಬಹುದು. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ 'ಓಪನ್', ವಿಂಡೋಸ್‌ನಲ್ಲಿ 'ಸ್ಟಾರ್ಟ್'.

ಇಲ್ಲಿ ಒಂದು ಸೂಕ್ಷ್ಮ ಇದೆ, ಗೊತ್ತಿಲ್ಲದವರಿಗೆ ತಲೆ ಕೆಡುತ್ತದೆ. 'ಫೈಲ್' ಬಾಲ ನೋಡೋದೇ ಇಲ್ಲ ಅಂದೆನಲ್ಲ? ಆದರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳು ಸಾಮಾನ್ಯವಾಗಿ ಮೊದಲು ಬಾಲವನ್ನೇ ನೋಡುತ್ತವೆ. ಬಾಲ ಇಲ್ಲದಿದ್ದರೆ ಅಥವಾ ಒಂದೇ ಬಾಲಕ್ಕೆ ಎರಡು ಬಗೆ ಹೊಂದುತ್ತಿದ್ದರೆ ಆಗ ಒಳಗೆ ಇಣುಕುತ್ತವೆ. ಕಾರಣ ಸರಳ, ಸಾವಿರ ಫೋಟೋ ಇರುವ ಫೋಲ್ಡರ್ ತೆರೆದಾಗ ಒಂದೊಂದನ್ನೂ ಓದಿ ನೋಡುತ್ತಾ ಕೂತರೆ ಪರದೆ ನಿಧಾನ ಆಗುತ್ತದೆ. ಹಾಗಾಗಿ ಜೆಪಿಜಿ ಫೋಟೋಗೆ ಪಿಡಿಎಫ್ ಅಂತ ಬಾಲ ಹಚ್ಚಿದರೆ 'ಫೈಲ್' ಅದನ್ನ ಫೋಟೋ ಅನ್ನುತ್ತದೆ, ಅದೇ ಯಂತ್ರದ ಎಕ್ಸ್‌ಡಿಜಿ-ಓಪನ್ ಅದನ್ನ ಪಿಡಿಎಫ್ ರೀಡರಿಗೆ ಕೊಟ್ಟು ಎಡವುತ್ತದೆ. ಒಂದೇ ಕಂಪ್ಯೂಟರ್, ಎರಡು ಉತ್ತರ. ವಾಟ್ಸ್ಯಾಪ್‌ನಲ್ಲಿ ಬಂದ ಡಾಕ್ಯುಮೆಂಟ್ ಕೆಲವೊಮ್ಮೆ ಬಾಲವೇ ಇಲ್ಲದೆ ಉಳಿಯುತ್ತದಲ್ಲ, ವಿಂಡೋಸ್ ಅದನ್ನ ಯಾವುದರಲ್ಲಿ ತೆರೆಯಲಿ ಅಂತ ನಿಮ್ಮನ್ನೇ ಕೇಳುತ್ತದೆ, ಲಿನಕ್ಸ್ ಒಳಗೆ ನೋಡಿ ಸರಿಯಾಗಿ ತೆರೆಯುತ್ತದೆ, ಅದಕ್ಕೂ ಇದೇ ಕಾರಣ.

ಮಂಗಳವಾರ ಪ್ರಿಂಟ್ ಬರದ ಪ್ರಿಂಟರ್

ಒಳಗೆ ನೋಡೋದು ಅಂದ ಮಾತ್ರಕ್ಕೆ ತಪ್ಪೇ ಆಗೋದಿಲ್ಲ ಅಂತಲ್ಲ. 2008-09ರಲ್ಲಿ ಉಬುಂಟು ಬಳಸುವವರಿಂದ ಒಂದು ವಿಚಿತ್ರ ದೂರು ಬಂತು, ಮಂಗಳವಾರ ಮಾತ್ರ ಪ್ರಿಂಟ್ ಬರೋದಿಲ್ಲ ಅಂತ. ಬೇರೆ ದಿನ ಏನೂ ತೊಂದರೆ ಇಲ್ಲ. ನಮ್ಮ ಕಡೆ ಆಗಿದ್ದರೆ ಮಂಗಳವಾರ ಅಲ್ವಾ, ಬಿಡು ಅಂದುಬಿಡುತ್ತಿದ್ದರೇನೋ. ಹುಡುಕಿದಾಗ ಸಿಕ್ಕ ಕಾರಣ 'ಫೈಲ್' ಕಮಾಂಡಿನ ಪಟ್ಟಿಯಲ್ಲಿತ್ತು.

ಪ್ರಿಂಟಿಗೆ ಹೋಗುವ ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕು ಅಂತ ಪ್ರಿಂಟರಿಗೆ ಹೇಳುವ ಭಾಷೆ) ಫೈಲಿನಲ್ಲಿ ಅದು ತಯಾರಾದ ದಿನಾಂಕ ಇರುತ್ತದೆ, ವಾರದ ಹೆಸರು ಇಂಗ್ಲಿಷಿನ ಮೂರಕ್ಷರದಲ್ಲಿ. ಅತ್ತ ಪಟ್ಟಿಯಲ್ಲಿ ಎರ್ಲಾಂಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಒಂದು ಹಳೇ ಫೈಲ್ ಬಗೆಗೆ 1991ರ ಒಂದು ಮಂಗಳವಾರದ ದಿನಾಂಕವೇ ಗುರುತಾಗಿತ್ತು. ಆ ಇಡೀ ದಿನಾಂಕ ಹೊಂದಬೇಕಿತ್ತು. ಆದರೆ ನಿಯಮ ಬರೆಯುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಸರಿಯಾಗಿ ಬರೆಯದೆ ಹೋಗಿದ್ದರಿಂದ ಮೊದಲ ಮೂರಕ್ಷರ, ಅಂದ್ರೆ ಮಂಗಳವಾರದ ಗುರುತು, ಹೊಂದಿದರೇ ಸಾಕು ಅಂತಾಯ್ತು. ಪ್ರಿಂಟರಿನ ಪುಟ್ಟ ಪ್ರೋಗ್ರಾಂ 'ಫೈಲ್' ಅನ್ನು ಕೇಳುತ್ತಿತ್ತು, ಇದು ಪೋಸ್ಟ್‌ಸ್ಕ್ರಿಪ್ಟೇ ಅಂತ. ಮಂಗಳವಾರ ಮಾತ್ರ ಅದು ಅಲ್ಲ, ಇದು ಎರ್ಲಾಂಗ್ ಅನ್ನುತ್ತಿತ್ತು. ಪ್ರಿಂಟರ್ ಸುಮ್ನೆ ಕೂರುತ್ತಿತ್ತು.

ಇಂಥ ಕೈಯಿಂದ ಬರೆದ ನಿಯಮಗಳ ಬದಲು ಕಲಿಸಿದ ಎಐ ಮಾದರಿಯಿಂದ ಬಗೆ ಊಹಿಸುವ ಮ್ಯಾಜಿಕಾ ಅನ್ನೋ ಸಾಧನವನ್ನು ಗೂಗಲ್ 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಅದರ ಬಲ ಇರೋದು ಗುರುತಿಲ್ಲದ ಪಠ್ಯ ಫೈಲುಗಳಲ್ಲಿ. ಪಿಡಿಎಫ್, ಜೆಪಿಜಿ ಗುರುತಿಸೋದಕ್ಕೆ ಹಳೇ 'ಫೈಲ್' ಧಾರಾಳ ಸಾಕು.

ಇನ್ನು ಆ ಮದುವೆ ಕಾರ್ಡ್

ಫೋನಿನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಆ ಕಪ್ಪು ಪರದೆ) ತೆರೆದು ಕಮಾಂಡ್ ಹೊಡೆಯೋರು ಕಡಿಮೆ, ಅದು ಬೇಕಾಗಿಯೂ ಇಲ್ಲ.

ಆಂಡ್ರಾಯ್ಡ್ ಕೂಡ ಮೈಮ್ ಬಗೆ ನೋಡಿಯೇ ಯಾವ ಆ್ಯಪಿಗೆ ಕೊಡಬೇಕು ಅಂತ ತೀರ್ಮಾನಿಸುತ್ತದೆ. ಪಿಡಿಎಫ್ ಆದರೆ ಪಿಡಿಎಫ್ ರೀಡರ್, ಚಿತ್ರ ಆದರೆ ಗ್ಯಾಲರಿ. ಎಪಿಕೆ ಆದರೆ ಅದು ಹೋಗೋದು ಇನ್‌ಸ್ಟಾಲ್ ಮಾಡುವ ಭಾಗಕ್ಕೆ. ಕಳ್ಳರು ಹೆಸರಿನ ನಡುವೆ ಪಿಡಿಎಫ್ ಅಂತ ತುರುಕಬಹುದು, ಆದರೆ ಫೋನ್ ಅದನ್ನ ಆ್ಯಪ್ ಅಂತ ಇನ್‌ಸ್ಟಾಲ್ ಮಾಡಬೇಕಂದ್ರೆ ಬಗೆ ಎಪಿಕೆ ಆಗಿರಲೇಬೇಕು. ವಾಟ್ಸ್ಯಾಪ್‌ನಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಗಾತ್ರದ ಜೊತೆ ಬಗೆಯೂ ಇರುತ್ತದೆ, ಅಲ್ಲಿ ಎಪಿಕೆ ಅಂತ ಕಂಡರೆ ಮುಟ್ಟಬೇಡಿ. ಕಣ್ತಪ್ಪಿ ಒತ್ತಿದರೂ 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಇನ್ನೊಂದು ತಡೆ ಇದೆ: ಈ ಜಾಗದಿಂದ ಬಂದ ಆ್ಯಪ್ ಇನ್‌ಸ್ಟಾಲ್ ಮಾಡಲು ಅನುಮತಿ ಕೊಡುತ್ತೀರಾ ಅಂತ ಫೋನ್ ಬೇರೆಯಾಗಿ ಕೇಳುತ್ತದೆ. ಕಾರ್ಡ್ ನೋಡೋಕೆ ಯಾವ ಅನುಮತಿಯೂ ಬೇಡ. ಫೋನ್ ಈ ಪ್ರಶ್ನೆ ಕೇಳಿತು ಅಂದ್ರೇನೇ ಅದು ಕಾರ್ಡ್ ಅಲ್ಲ.

ಮನೆಯಲ್ಲಿ ಯಾರಾದರೂ ಆಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930 ಸೈಬರ್ ಸಹಾಯವಾಣಿಗೂ ತಕ್ಷಣ ತಿಳಿಸಿ. ಒಂದು ಮಾತು ನೆನಪಿರಲಿ, 'ಫೈಲ್' ಕಮಾಂಡ್ ಆಂಟಿವೈರಸ್ ಅಲ್ಲ. ಇದು ಪಿಡಿಎಫ್ ಅಂತ ಹೇಳುತ್ತದೆ, ಒಳ್ಳೇ ಪಿಡಿಎಫ್ಫೋ ಕೆಟ್ಟದ್ದೋ ಅಂತ ಹೇಳೋದಿಲ್ಲ.

ನಿಮ್ಮ ಯಂತ್ರದಲ್ಲಿ ಎಲ್ಲಿ ಸಿಗುತ್ತದೆ?

ಲಿನಕ್ಸ್, ಮ್ಯಾಕ್ ಇದ್ದರೆ ಸಾಮಾನ್ಯವಾಗಿ ಆಗಲೇ ಇರುತ್ತದೆ, ಟರ್ಮಿನಲ್ ತೆರೆದು ಹೊಡೆದರಾಯ್ತು. ವಿಂಡೋಸ್‌ನಲ್ಲಿ 'ಫೈಲ್' ಜೊತೆಗೆ ಬರೋದಿಲ್ಲ. ಗಿಟ್ ಫಾರ್ ವಿಂಡೋಸ್ ಅನ್ನೋ ಪ್ರೋಗ್ರಾಂ ಹಾಕಿಕೊಂಡರೆ ಅದರ ಗಿಟ್ ಬ್ಯಾಶ್ ಕಿಟಕಿಯಲ್ಲಿ ಸಿಗುತ್ತದೆ, ಅಥವಾ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಮೂಲಕ ಉಬುಂಟು ಹಾಕಿಕೊಳ್ಳಬಹುದು. ಕಂಪ್ಯೂಟರ್ ಇಲ್ಲದ ಕಾಲೇಜು ಹುಡುಗರಿಗೆ ಆಂಡ್ರಾಯ್ಡ್‌ನ ಟರ್ಮಕ್ಸ್ ಆ್ಯಪ್ ಇದೆ. ಅದರಲ್ಲಿ 'ಪಿಕೆಜಿ ಇನ್‌ಸ್ಟಾಲ್ ಫೈಲ್' ಹೊಡೆದು ತರಿಸಿಕೊಳ್ಳಿ, 'ಟರ್ಮಕ್ಸ್-ಸೆಟಪ್-ಸ್ಟೋರೇಜ್' ಹೊಡೆದು ಫೋನಿನ ಫೈಲುಗಳಿಗೆ ಅನುಮತಿ ಕೊಡಿ, ಡೌನ್‌ಲೋಡ್ ಫೋಲ್ಡರಿಗೆ ಹೋಗಿ 'ಫೈಲ್' ಅಂತ ಹೊಡೆದು, ಒಂದು ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ ಎಂಟರ್ ಒತ್ತಿ. ಅಲ್ಲಿರೋ ಎಲ್ಲ ಫೈಲುಗಳ ಹೆಸರು ಎಡಕ್ಕೆ, ಒಳಗೆ ನಿಜಕ್ಕೂ ಏನಿದೆ ಅನ್ನೋದು ಬಲಕ್ಕೆ ಸಾಲಾಗಿ ಬರುತ್ತದೆ. ತೆರೆದು ನೋಡಬೇಕು ಅನ್ನಿಸಿದ್ದನ್ನು 'ಟರ್ಮಕ್ಸ್-ಓಪನ್'ಗೆ ಕೊಟ್ಟರೆ ಅದು ಫೋನಿನ ತಕ್ಕ ಆ್ಯಪಿಗೆ ದಾಟಿಸುತ್ತದೆ.